ಮಹಿಳಾ ಪೊಲೀಸರ ಗುಂಡುನಿರೋಧಕ ಜಾಕೆಟ್: ಅಳತೆ ತೆಗೆಯುವ ಬಗೆ

ಗಂಡಸರ ಜಾಕೆಟ್ಟನ್ನೇ ಚಿಕ್ಕ ಸೈಜ್‌ನಲ್ಲಿ ಕೊಟ್ಟು ಕೈತೊಳೆದುಕೊಂಡರೆ ಎದೆ ಬಿಗಿಯುತ್ತದೆ, ಕಂಕುಳ ಬಳಿ ಸಂದು ಬಿಡುತ್ತದೆ. ಆ ಸಂದಿಗೆ ರಕ್ಷಣೆಯೇ ಇಲ್ಲ.

ಅಳೆಯುವವರೂ ಮಹಿಳೆಯಾಗಿದ್ದರೆ ಒಳ್ಳೆಯದು. ಡ್ಯೂಟಿಯ ಒಳಉಡುಪು, ಅಂಗಿ, ಬೆಲ್ಟು ಮೈಮೇಲಿರಲಿ. ಎದೆಯ ಸುತ್ತಳತೆ ಒಂದೇ ಸಾಲದು. ಎದೆಯ ಕೆಳಗಿನ ಸುತ್ತಳತೆ, ಸೊಂಟ, ಕತ್ತಿನ ಗುಳಿಯಿಂದ ಬೆಲ್ಟಿನವರೆಗಿನ ಉದ್ದವೂ ಬೇಕು. ಉದ್ದವನ್ನು ಕೂರಿಸಿಯೂ ಅಳೆಯಿರಿ. ನಿಂತಾಗಿನ ಅಳತೆಯನ್ನಷ್ಟೇ ನಂಬಿದರೆ, ಜೀಪಿನಲ್ಲಿ ಕೂತ ಕೂಡಲೇ ಜಾಕೆಟ್ ಮೇಲೆದ್ದು ಗಂಟಲಿಗೆ ಒತ್ತುತ್ತದೆ.

ತೊಟ್ಟು ನಿಂತಾಗ ಕೆಳ ಅಂಚು ಬೆಲ್ಟಿಗಿಂತ ಎರಡು-ಮೂರು ಬೆರಳು ಮೇಲಿರಬೇಕು. ಪಕ್ಕದಲ್ಲಿ ಮುಂದಿನ ಪ್ಯಾನೆಲ್ (ಹೊದಿಕೆಯೊಳಗಿನ ಗುಂಡು ತಡೆಯುವ ಪದರ) ಹಿಂದಿನದರ ಮೇಲೆ ಸುಮಾರು 5 ಸೆಂ.ಮೀ. ಹಾಯ್ದಿರಲಿ. ಬಗ್ಗಿ, ಓಡಿ, ಖಾಲಿ ಪಿಸ್ತೂಲನ್ನು ಒರೆಯಿಂದ ತೆಗೆದು ನೋಡದೆ ರುಜು ಹಾಕಬೇಡಿ.

ಖರೀದಿಗೆ ಮುನ್ನ ಪರೀಕ್ಷಾ ವರದಿ ಕೇಳಿ. ಅಮೆರಿಕದ ನ್ಯಾಯ ಇಲಾಖೆಯ ಸಂಶೋಧನಾ ಸಂಸ್ಥೆ ಎನ್‌ಐಜೆ 2023ರಲ್ಲಿ ಹೊರತಂದ 0101.07 ಮಾನದಂಡದಲ್ಲಿ ಎದೆಯ ಆಕಾರಕ್ಕೆ ಬಾಗಿದ ಜಾಕೆಟ್‌ಗಳ ಪರೀಕ್ಷಾ ವಿಧಾನವೂ ಇದೆ.

ಬೆವರು ವಾಸನೆ ಬಂತೆಂದು ಪ್ಯಾನೆಲ್ ಒಗೆಯಬೇಡಿ, ಹೊದಿಕೆಯನ್ನಷ್ಟೇ ಒಗೆಯಿರಿ. ಮೊಳೆಗೆ ನೇತುಹಾಕದೆ ಚಪ್ಪಟೆಯಾಗಿಡಿ. ಹೆರಿಗೆಯ ನಂತರ ಅಥವಾ ತೂಕ ಏರುಪೇರಾದಾಗ ಹೊಸದಾಗಿ ಅಳತೆ ಕೊಡಿ.