6 ಲಕ್ಷ ಫೋಟೋ, ಮೂರು ನಿಮಿಷದ ಹುಡುಕಾಟ: ನನ್ನ ಅನುಭವ

ಕಳೆದ ಆಷಾಢದಲ್ಲಿ ಹಾಸನದ ನನ್ನ ಫೋಟೋ ಸ್ಟುಡಿಯೋ ಕಂಪ್ಯೂಟರ್ ಸತ್ತುಹೋಯಿತು. ಕರೆಂಟ್ ಹೋಗಿ ಬಂತು, ಅದು ಮತ್ತೆ ಆನ್ ಆಗಲೇ ಇಲ್ಲ. ಒಳಗಿದ್ದ ಎಸ್‌ಎಸ್‌ಡಿ (ಡೇಟಾ ಇಡುವ ಡಿಸ್ಕ್) ಕೂಡ ಹೋಯಿತು. ಅದರ ಜೊತೆ, ಫೋಟೋ ಜೋಡಿಸಿಡಲು ನಾನು ಬಳಸುವ ಡಿಜಿಕ್ಯಾಮ್ ಸಾಫ್ಟ್‌ವೇರ್‌ನ ಡೇಟಾಬೇಸ್, ಅಂದರೆ ಯಾವ ಫೋಟೋಗೆ ಯಾವ ಟ್ಯಾಗ್ (ಹುಡುಕೋಕೆ ಹಾಕುವ ಗುರುತಿನ ಪದ) ಅನ್ನೋ ಪಟ್ಟಿ, ಪೂರ್ತಿ ಹೋಯಿತು. ವಿಷಯ ಗೊತ್ತಾಗಿ ಗೆಳೆಯರು ಒಬ್ಬೊಬ್ಬರೇ ಬಂದು ಸಮಾಧಾನ ಹೇಳಿದರು. "ಅಷ್ಟು ವರ್ಷ ಕೂತು ಟ್ಯಾಗ್ ಹಾಕಿದ್ಯಲ್ಲೋ, ಎಲ್ಲ ನೀರುಪಾಲಾಯ್ತಲ್ಲ" ಅಂದರು.

ಆಗಲಿಲ್ಲ. ಹೊಸ ಯಂತ್ರ ತಂದೆ, ಡಿಜಿಕ್ಯಾಮ್ ಹಾಕಿದೆ, ಫೋಟೋ ಇದ್ದ ಹೊರಗಿನ ಹಾರ್ಡ್ ಡಿಸ್ಕ್‌ಗಳನ್ನು ಚುಚ್ಚಿ ಓದಿಕೊಳ್ಳಲಿ ಅಂತ ಬಿಟ್ಟು ಮನೆಗೆ ಹೋದೆ. ಸುಮಾರು 6 ಲಕ್ಷ ಫೋಟೋ. ಮೂರನೇ ದಿನ ಬೆಳಿಗ್ಗೆ ನೋಡಿದರೆ ಆರಿಸಿದ ಫೋಟೋಗೆ ಕೊಟ್ಟ ಎಲ್ಲ ನಕ್ಷತ್ರ, ಎಲ್ಲ ಟ್ಯಾಗ್ ಅಲ್ಲೇ ಇದ್ದವು. ಯಾಕೆಂದರೆ ನಾನು ಅವನ್ನು ಡೇಟಾಬೇಸ್ ನಂಬಿ ಇಟ್ಟಿರಲಿಲ್ಲ. ಫೋಟೋದ ಜೊತೆಗೇ ಬರೆದಿಟ್ಟಿದ್ದೆ. ಇದನ್ನು ಐದು ವರ್ಷದಿಂದ ಹೇಳುತ್ತಿದ್ದೆ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಈ ಬುದ್ಧಿ ನನಗೆ ಸುಮ್ನೆ ಬಂದಿದ್ದಲ್ಲ, ದುಡ್ಡು ಕೊಟ್ಟು ಕಲಿತಿದ್ದು. ಮೊದಲು ಗೂಗಲ್‌ನ ಫೋಟೋ ಸಾಫ್ಟ್‌ವೇರ್ ಪಿಕಾಸಾ ಬಳಸುತ್ತಿದ್ದೆ. ನಮ್ಮಲ್ಲಿ ಜಾಸ್ತಿ ಜನ ಅದನ್ನೇ ಬಳಸುತ್ತಿದ್ದರು, ಅಲ್ವಾ? ಅದು 2016ರ ಮಾರ್ಚ್‌ನಲ್ಲಿ ನಿಂತಿತು. ಪಿಕಾಸಾ ತನ್ನ ನಕ್ಷತ್ರಗಳನ್ನು ಪ್ರತಿ ಫೋಲ್ಡರ್‌ನಲ್ಲೂ ಒಂದು ಅಡಗಿದ ಫೈಲ್‌ನಲ್ಲಿ ಬರೆದಿಡುತ್ತಿತ್ತು. ನಾನು ಡಿಸ್ಕ್ ಬದಲಿಸುವಾಗ ಜೆಪೆಗ್‌ಗಳನ್ನು (ಫೋಟೋ ಫೈಲ್‌ಗಳನ್ನು) ಮಾತ್ರ ಕಾಪಿ ಮಾಡಿದೆ. ನಾಲ್ಕೈದು ವರ್ಷದ ಆಯ್ಕೆ ಅಲ್ಲಿಗೆ ಹೋಯಿತು. ಆಮೇಲೆ ತಿಂಗಳ ಬಾಡಿಗೆ ಕಟ್ಟುವ ಒಂದು ಸಾಫ್ಟ್‌ವೇರ್‌ಗೆ ಹೋದೆ. ಅದರಲ್ಲಿ ಗುರುತುಗಳೆಲ್ಲ ಕ್ಯಾಟಲಾಗ್ ಅನ್ನೋ ಅದರದೇ ಪಟ್ಟಿ ಫೈಲ್ ಒಳಗೆ ಇರುತ್ತಿದ್ದವು. ಫೋಟೋಗೂ ಬರೆಯುವಂತೆ ಮಾಡುವ ಆಯ್ಕೆ ಇತ್ತು, ನಾನು ಟಿಕ್ ಮಾಡಿರಲಿಲ್ಲ. 2019ರಲ್ಲಿ ಡಿಸ್ಕ್ ಕೆಟ್ಟಿತು. ಬೆಂಗಳೂರಿನಲ್ಲಿ ರಿಕವರಿ ಮಾಡುವವರಿಗೆ 28 ಸಾವಿರ ಕೊಟ್ಟೆ, ಅರ್ಧಕ್ಕರ್ಧ ಫೋಟೋ ಬಂತು, ಕ್ಯಾಟಲಾಗ್ ಬರಲಿಲ್ಲ. ಒಂದು ಮನೆಯವರ ಬೀಗರೂಟದ ಫೋಟೋ ಒಂದೂ ಸಿಗಲಿಲ್ಲ. ಅವರಿಗೆ 15 ಸಾವಿರ ವಾಪಸ್ ಕೊಟ್ಟೆ. ಆ ಮನೆಯವರು ಈಗಲೂ ಎದುರಿಗೆ ಸಿಕ್ಕರೆ ನನಗೆ ತಲೆ ಎತ್ತೋಕೆ ಆಗಲ್ಲ.

2020ರಲ್ಲಿ ಲಾಕ್‌ಡೌನ್ ಬಂತು. ಮದುವೆ ಸೀಸನ್ ಪೂರ್ತಿ ಖಾಲಿ. ಆಗಲೇ ಹಳೇ ಫೋಟೋಗಳನ್ನೆಲ್ಲ ಮೊದಲಿಂದ ಹಿಡಿದೆ. ಫೋಲ್ಡರ್ ಅಂದರೆ ವರ್ಷ, ತಿಂಗಳು, ದಿನ, ಅಷ್ಟೇ. ಗಿರಾಕಿ ಹೆಸರು, ಊರು, ಸಮಾರಂಭ ಎಲ್ಲ ಟ್ಯಾಗ್‌ನಲ್ಲಿ. ಜೆಪೆಗ್ ಆದರೆ ಫೈಲ್ ಒಳಗೇ ಬರೆಯೋದು, ರಾ (ಕ್ಯಾಮೆರಾದ ಕಚ್ಚಾ ಫೈಲ್) ಆದರೆ ಪಕ್ಕದಲ್ಲಿ ಎಕ್ಸ್‌ಎಂಪಿ ಅನ್ನೋ ಸಣ್ಣ ಫೈಲ್, ಗುರುತೆಲ್ಲ ಅದರಲ್ಲಿ. ನೋಡಿ ಆರಿಸುವುದಕ್ಕೆ ಬೇರೆ ಹಗುರ ಸಾಫ್ಟ್‌ವೇರ್‌ಗಳನ್ನೂ ಪ್ರಯತ್ನಿಸಿದೆ. ಫಾಸ್ಟ್‌ಸ್ಟೋನ್, ಎಕ್ಸ್‌ಎನ್‌ವ್ಯೂ ಎರಡೂ ವೇಗ ಚೆನ್ನಾಗಿದೆ. ಆದರೆ ಅವು ಮನೆ ಮತ್ತು ಶಿಕ್ಷಣದ ಬಳಕೆಗೆ ಮಾತ್ರ ಫ್ರೀ. ನಾವು ದುಡ್ಡು ತಗೊಂಡು ಕೆಲಸ ಮಾಡುವವರು, ಲೈಸೆನ್ಸ್ ಕೊಳ್ಳಬೇಕು. ಇದನ್ನು ನಮ್ಮವರು ಮರೆತೇಬಿಡುತ್ತಾರೆ. ಡಿಜಿಕ್ಯಾಮ್‌ಗೆ ಆ ತಕರಾರಿಲ್ಲ, ಅಂಗಡಿಯಲ್ಲೂ ಫ್ರೀ.

ಎಡವಿದ್ದು ಎಲ್ಲಿ ಅಂದರೆ ಎಕ್ಸ್‌ಎಂಪಿ ಹೆಸರಿನಲ್ಲಿ. ನನ್ನ ಆಲ್ಬಂ ಡಿಸೈನ್ ಮಾಡುವ ಹುಡುಗ ಲೈಟ್‌ರೂಮ್ ಅನ್ನೋ ಫೋಟೋ ಸಾಫ್ಟ್‌ವೇರ್ ಬಳಸುತ್ತಾನೆ. ನಾನು ಆರಿಸಿ ಕಳಿಸಿದ್ದರಲ್ಲಿ ಅವನಿಗೆ ಒಂದು ನಕ್ಷತ್ರವೂ ಕಾಣಲಿಲ್ಲ. "ಅಣ್ಣ, ನೀವು ಸೆಲೆಕ್ಷನ್ನೇ ಮಾಡಿಲ್ಲ" ಅಂತ ಫೋನ್ ಮಾಡಿದ. ಎರಡು ದಿನ ತಲೆ ಕೆಡಿಸಿಕೊಂಡೆ. ಡಿಜಿಕ್ಯಾಮ್ ಪಕ್ಕದ ಫೈಲ್‌ಗೆ ಹೆಸರಿಡುವಾಗ ಫೋಟೋ ಹೆಸರಿನ ಕೊನೆಯ ಎನ್‌ಇಎಫ್ (ನಿಕಾನ್ ರಾ ಫೈಲ್‌ನ ಗುರುತು) ಅನ್ನೋ ಬಾಲವನ್ನೂ ಉಳಿಸಿಕೊಂಡು ಆಮೇಲೆ ಎಕ್ಸ್‌ಎಂಪಿ ಸೇರಿಸುತ್ತದೆ. ಲೈಟ್‌ರೂಮ್ ಆ ಬಾಲ ಇಲ್ಲದ ಹೆಸರು ಹುಡುಕುತ್ತದೆ. ಅಷ್ಟೇ ವ್ಯತ್ಯಾಸ. ಈಗಿನ ಆವೃತ್ತಿಗಳಲ್ಲಿ ಇದಕ್ಕೆ ಸೆಟ್ಟಿಂಗ್‌ನಲ್ಲೇ ಒಂದು ಟಿಕ್ ಇದೆ. ಶುರುವಿನಲ್ಲೇ ಹಾಕಿಬಿಡಿ.

ಇನ್ನೊಂದು. ಜೆಪೆಗ್ ಒಳಗೆ ಬರೆದರೆ ಫೈಲ್ ಬದಲಾದ ಹಾಗೆ. ಬ್ಯಾಕಪ್ ಸಾಫ್ಟ್‌ವೇರ್ ಎಲ್ಲವನ್ನೂ ಹೊಸದು ಅಂದುಕೊಂಡು ಮತ್ತೆ ಮೊದಲಿಂದ ಕಾಪಿ ಮಾಡಿತು. ಮೂರು ದಿನ ಡಿಸ್ಕ್ ಬಿಸಿಯಾಗಿ ಕೂತಿತ್ತು. ಆವತ್ತಿನಿಂದ ಟ್ಯಾಗ್ ಮುಗಿದ ಮೇಲೇ ಎರಡನೇ ಬ್ಯಾಕಪ್. ಅಲ್ಲಿವರೆಗೆ ಕ್ಯಾಮೆರಾ ಕಾರ್ಡ್ ಅಳಿಸುವುದಿಲ್ಲ. ಕಾರ್ಡ್‌ಗೆ ಅಂತ ಏಳೆಂಟು ಸಾವಿರ ಹೆಚ್ಚಿಗೆ ಹೋಯಿತು, ಹೋಗಲಿ.

ಗಡಿಯಾರದ ಕಥೆ ನಿಮಗೂ ಗೊತ್ತಿರುತ್ತದೆ. ಚನ್ನರಾಯಪಟ್ಟಣದ ಒಂದು ಮದುವೆಯಲ್ಲಿ ನಮ್ಮದು ಮೂರು ಕ್ಯಾಮೆರಾ. ಒಂದರ ಗಡಿಯಾರ ಸರಿಯಾಗಿ ಹನ್ನೆರಡು ಗಂಟೆ ಹಿಂದೆ. ಬೆಳಗಿನ ಧಾರೆ ಫೋಟೋ ಎಲ್ಲ ಹಿಂದಿನ ರಾತ್ರಿಯ ಆರತಕ್ಷತೆ ಮಧ್ಯೆ ಹೋಗಿ ಕೂತವು. ಫೋಟೋದೊಳಗಿನ ಮಾಹಿತಿ ತಿದ್ದುವ ಎಕ್ಸಿಫ್‌ಟೂಲ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಒಂದೇ ಆದೇಶದಲ್ಲಿ ಆ ಕ್ಯಾಮೆರಾದ ಎಲ್ಲ ಫೋಟೋಗೂ ಹನ್ನೆರಡು ಗಂಟೆ ಕೂಡಿಸಿದೆ, ಸಾಲು ಸರಿಹೋಯಿತು. ಆದರೆ ನಿಮಿಷದ ವ್ಯತ್ಯಾಸ ಇನ್ನೂ ಕಾಟ ಕೊಡುತ್ತದೆ. ಈಗ ಚಪ್ಪರದ ದಿನ ಬೆಳಿಗ್ಗೆಯೇ ಮೂವರೂ ನನ್ನ ಫೋನಿನ ಸೆಕೆಂಡ್ ಕಾಣುವ ಗಡಿಯಾರದ ಫೋಟೋ ತೆಗೆಯಬೇಕು. ವ್ಯತ್ಯಾಸ ಎಷ್ಟು ಅಂತ ಆ ಫೋಟೋ ಹೇಳುತ್ತದೆ. ಫೈಲ್ ಹೆಸರೂ ತಾರೀಕು, ಗಂಟೆ, ಕ್ಯಾಮೆರಾ ಅಕ್ಷರದ ಮೇಲೆ ತಾನೇ ಬರುತ್ತದೆ.

ಕನ್ನಡದಲ್ಲಿ ಟ್ಯಾಗ್ ಹಾಕಬೇಕು ಅನ್ನೋದು ನನ್ನ ಹಟ. ಎಕ್ಸ್‌ಎಂಪಿಯಲ್ಲಿ ಕನ್ನಡ ಚೆನ್ನಾಗಿ ಉಳಿಯುತ್ತದೆ. ಐಪಿಟಿಸಿ ಅನ್ನೋ, ಫೋಟೋದೊಳಗೆ ಮಾಹಿತಿ ಬರೆಯುವ ಹಳೇ ಜಾಗದಲ್ಲಿ ಬರೆದರೆ ಕೆಲವು ಕಡೆ ಕೆಡುತ್ತದೆ. ಡಿಸೈನರ್ ಹುಡುಗ ಆಲ್ಬಂಗೆ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ತಂದು ಅಂಟಿಸಿದರೆ ಚಿತ್ರವಿಚಿತ್ರ ಗುರುತು ಬರುತ್ತವೆ, ಯೂನಿಕೋಡ್‌ಗೆ ತಿರುಗಿಸಿಯೇ ಹಾಕಬೇಕು. ಅದಕ್ಕಿಂತ ದೊಡ್ಡ ಪೀಕಲಾಟ ಕಾಗುಣಿತದ್ದು. ನಾನು ಆರತಕ್ಷತೆ ಅಂತ ಬರೆದರೆ ಹುಡುಗ ರಿಸೆಪ್ಷನ್ ಅಂತ ಬರೆದ. ಬೀಗರ ಊಟ ಬೇರೆ, ಬೀಗರೂಟ ಬೇರೆ ಆಯಿತು. ಈಗ ಯಾರೂ ಟ್ಯಾಗ್ ಟೈಪ್ ಮಾಡುವ ಹಾಗಿಲ್ಲ. ಟ್ಯಾಗ್‌ಗೊಂದು ಕೀ ಕೊಟ್ಟಿದ್ದೇನೆ, ಒತ್ತಿದರೆ ಬೀಳುತ್ತದೆ. ಯಾವ ಕೀಗೆ ಯಾವ ಟ್ಯಾಗ್, ಯಾವ ಕ್ರಮದಲ್ಲಿ ಅನ್ನೋದು ಮಾತ್ರ ಹೇಳುವುದಿಲ್ಲ. ಅದು ನನ್ನ ಅನ್ನ. ಅದರಿಂದಲೇ ಎರಡು ದಿನದ ಮದುವೆಯ ಐದು ಸಾವಿರ ಫೋಟೋ ಮೂರು ಗಂಟೆಯಲ್ಲಿ ಆರಿಸಿ ಮುಗಿಸುತ್ತೇನೆ. ಹಾಸನದಲ್ಲಿ ಇದಕ್ಕಿಂತ ಬೇಗ ಮಾಡುವವರನ್ನು ನಾನು ನೋಡಿಲ್ಲ.

ಸಾಫ್ಟ್‌ವೇರೇ ಮುಖ ಗುರುತಿಸುವುದನ್ನೂ ಪ್ರಯತ್ನಿಸಿ ನೋಡಿದೆ. ಗಂಡು ಬಾಸಿಂಗ ಕಟ್ಟಿ ಪೇಟ ತೊಟ್ಟ ಮೇಲೆ ಅದೇ ಮನುಷ್ಯ ಅಂತ ಒಪ್ಪಿಸುವುದು ಕಷ್ಟ. ಅಕ್ಕ ತಂಗಿಯರು ಒಂದೇ ಕಡೆ ಮೇಕಪ್ ಮಾಡಿಸಿಕೊಂಡರೆ ಇನ್ನೂ ಕಷ್ಟ. ಮದುವೆಗೆ ಅದನ್ನು ಬಿಟ್ಟೆ.

ಆದರೆ ಬೇಲೂರಿನ ಪ್ರಯೋಗ ಫಲ ಕೊಟ್ಟಿತು. ಚೆನ್ನಕೇಶವ ದೇವಸ್ಥಾನದ ಹಳೇ ಫೋಟೋ ನನ್ನ ಹತ್ತಿರ ಹತ್ತು ಸಾವಿರದ ಮೇಲೆ ಇದ್ದವು. ಒಂದು ದಿನ ಅವನ್ನು ತಾರೀಕು ಬಿಟ್ಟು ಗಂಟೆಯ ಮೇಲೆ ಜೋಡಿಸಿದೆ. ಬೆಳಿಗ್ಗೆ ಏಳರದೆಲ್ಲ ಒಂದು ಕಡೆ, ಸಂಜೆ ಐದರದೆಲ್ಲ ಒಂದು ಕಡೆ. ಯಾವ ಮದನಿಕೆಯ ಮುಖಕ್ಕೆ ಯಾವ ಹೊತ್ತಿಗೆ ಬೆಳಕು ಬೀಳುತ್ತದೆ, ಸೂರಿನ ನೆರಳು ಯಾವಾಗ ಮುಚ್ಚುತ್ತದೆ ಅನ್ನೋದು ಕಣ್ಣೆದುರಿಗೇ ಬಂತು. ಹತ್ತು ವರ್ಷ ಅಲ್ಲಿಗೆ ಹೋಗಿ ಬಂದರೂ ನನಗೆ ಅದು ಗೊತ್ತಿರಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಕ್ಯಾಲೆಂಡರ್‌ಗೆ ಫೋಟೋ ಕೇಳಿಕೊಂಡು ಬಂದರು. ಅರ್ಧ ಗಂಟೆಯಲ್ಲಿ ನಲವತ್ತು ಆರಿಸಿ ಮುಂದಿಟ್ಟೆ. 20 ಸಾವಿರ ಬಂತು.

ಲಾಕ್‌ಡೌನ್‌ನಲ್ಲಿ ಹಾಕಿದ ಟ್ಯಾಗ್‌ಗಳಲ್ಲಿ ಒಂದು "ಹಿರಿಯರು, ಒಬ್ಬರೇ". ಮದುವೆಗಳಲ್ಲಿ ಅಜ್ಜ ಅಜ್ಜಿ ಸುಮ್ಮನೆ ಕೂತಿದ್ದಾಗ ತೆಗೆದ ಫೋಟೋಗಳಿಗೆ ಅದು. ಆಲ್ಬಂಗೆ ಅವು ಹೋಗುವುದು ಕಡಿಮೆ. "ಯಾರು ಕೇಳ್ತಾರೆ ಇವನ್ನ" ಅಂತ ಗೆಳೆಯರು ಅಂದಿದ್ದರು. ಕಂಪ್ಯೂಟರ್ ಹೋಗಿ ಎರಡು ತಿಂಗಳಾಗಿತ್ತು, ಸಕಲೇಶಪುರದ ಕಡೆಯಿಂದ ಒಬ್ಬರು ಫೋನ್ ಮಾಡಿದರು. "ಸಾರ್, 2015ರಲ್ಲಿ ನನ್ನ ತಂಗಿ ಮದುವೆ ನೀವೇ ಮಾಡಿದ್ರಿ. ಅಪ್ಪ ತೀರಿಕೊಂಡ್ರು. ನಾಡಿದ್ದು ಹನ್ನೊಂದನೇ ದಿನ. ಅಪ್ಪ ಒಬ್ಬರೇ ಇರೋ ಫೋಟೋ ನಮ್ಮ ಮನೇಲಿ ಒಂದೂ ಇಲ್ಲ." ಫೋನ್ ಇಡಬೇಡಿ ಅಂದೆ. ವರ್ಷ, ಊರು, ಆ ಟ್ಯಾಗ್. ಮೂರು ನಿಮಿಷ. ಚಪ್ಪರದ ಕಂಬಕ್ಕೆ ಒರಗಿ, ಹೆಗಲ ಮೇಲೆ ಟವಲ್ ಹಾಕಿಕೊಂಡು, ಎಲೆ ಅಡಿಕೆ ಹಿಡಿದು ನಗುತ್ತಾ ಕೂತಿದ್ದ ಯಜಮಾನರು. ವಾಟ್ಸಾಪ್‌ನಲ್ಲಿ ಕಳಿಸಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಆಮೇಲೆ "ಇದೇ ಸಾರ್, ಅಪ್ಪ ಹಿಂಗೇ ಕೂರ್ತಿದ್ರು" ಅಂದರು.

ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ, ಅವತ್ತೇ ಸಂಜೆಯ ಬಸ್ಸಿಗೆ ಕೊಟ್ಟು ಕಳಿಸಿದೆ. ದುಡ್ಡು ಬೇಡ ಅಂದೆ.