ಕಮರ್ಷಿಯಲ್ ಪ್ರಾಕ್ಟೀಸ್ ಓದುವುದು ಹೇಗೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಪಾಲಿಟೆಕ್ನಿಕ್‌ಗೆ ಬರುವ ಪೋಷಕರು ಪ್ರತಿ ವರ್ಷ ಕೇಳುವುದು ಒಂದೇ ಪ್ರಶ್ನೆ: ‘ಸಿ.ಪಿ. ಸುಲಭವಂತೆ, ಹೌದೇ ಮೇಡಂ?’ ಎಂಜಿನಿಯರಿಂಗ್ ಡ್ರಾಯಿಂಗ್ ಇಲ್ಲ, ವರ್ಕ್‌ಶಾಪ್ ಇಲ್ಲ, ಆದ್ದರಿಂದ ಸುಲಭ ಎಂಬುದು ಅವರ ಲೆಕ್ಕ. ಕಮರ್ಷಿಯಲ್ ಪ್ರಾಕ್ಟೀಸ್ ಮೂರು ವರ್ಷದ ಡಿಪ್ಲೊಮಾ. ಬೆರಳಚ್ಚು, ಶೀಘ್ರಲಿಪಿ (ಶಾರ್ಟ್‌ಹ್ಯಾಂಡ್), ಕಚೇರಿ ನಿರ್ವಹಣೆ, ಪತ್ರ ವ್ಯವಹಾರ, ಲೆಕ್ಕಪತ್ರ ಇದರ ಸರಕು. ಓದಿನ ಭಾಗ ಸುಲಭ ಎನ್ನುವುದು ನಿಜವೇ. ಆದರೆ ಇದು ಬೆರಳುಗಳಿಗೆ ಕಲಿಸುವ ವಿದ್ಯೆ, ಪರೀಕ್ಷೆಯ ಹಿಂದಿನ ರಾತ್ರಿ ಕಾಫಿ ಕುಡಿದು ಕುಳಿತರೆ ಬೆರಳು ಕಲಿಯುವುದಿಲ್ಲ. ವರ್ಷಗಳಿಂದ ಇದನ್ನೇ ಕಲಿಸುತ್ತಿರುವ ನಾನು, ಜಾಣ ಮಕ್ಕಳೂ ಎಡವುವುದನ್ನು ನೋಡಿ ಈ ಕ್ರಮ ಬರೆಯುತ್ತಿದ್ದೇನೆ.

ಮೊದಲನೆಯದು, ಪ್ರವೇಶ. ಸೇರುವ ಮುನ್ನ ಕಾಲೇಜಿಗೆ ಹೋಗಿ ಎರಡೇ ವಿಷಯ ವಿಚಾರಿಸಿ: ಕಂಪ್ಯೂಟರ್ ಲ್ಯಾಬಿನಲ್ಲಿ ತಲೆಗೊಂದು ಯಂತ್ರ ಇದೆಯೇ? ವಾರಕ್ಕೆ ಶೀಘ್ರಲಿಪಿಗೆ ಎಷ್ಟು ತಾಸು? ಉಳಿದದ್ದನ್ನೆಲ್ಲ ಮಾಹಿತಿ ಪುಸ್ತಕವೇ ಹೇಳುತ್ತದೆ. ಮೂರು ವರ್ಷ ಆಗದು ಎನ್ನುವವರಿಗೆ ಐಟಿಐನಲ್ಲಿ ಸ್ಟೆನೊಗ್ರಾಫರ್ ಮತ್ತು ಕೋಪಾ (ಕಂಪ್ಯೂಟರ್ ಆಪರೇಟರ್ ಮತ್ತು ಪ್ರೋಗ್ರಾಮಿಂಗ್ ಅಸಿಸ್ಟೆಂಟ್) ಎಂಬ ಒಂದೊಂದು ವರ್ಷದ ಟ್ರೇಡುಗಳಿವೆ.

ಎರಡನೆಯದು, ಇಂಗ್ಲಿಷ್ ಬೆರಳಚ್ಚು. ಕೀಲಿಮಣೆ ನೋಡಬಾರದು. ಕೈಗಳ ಮೇಲೆ ಒಂದು ಟವೆಲ್ ಹೊದಿಸಿಕೊಂಡು ಹೊಡೆಯಿರಿ. ಎಫ್ ಮತ್ತು ಜೆ ಕೀಲಿಗಳ ಮೇಲಿನ ಸಣ್ಣ ಉಬ್ಬು ತೋರುಬೆರಳಿಗೆ ಸಿಕ್ಕರೆ ಉಳಿದ ಬೆರಳುಗಳು ತಾವಾಗಿಯೇ ಜಾಗ ಹಿಡಿಯುತ್ತವೆ. ಇದಕ್ಕಿಂತ ಹೆಚ್ಚು ಹೇಳುವುದೇನೂ ಇಲ್ಲ.

ಕನ್ನಡ ಬೆರಳಚ್ಚಿಗೆ ಸ್ವಲ್ಪ ಹೆಚ್ಚು ಮಾತು ಬೇಕು. ಅಂಗಡಿಯಲ್ಲಿ ಸಿಗುವ ಕನ್ನಡ ಅಕ್ಷರದ ಸ್ಟಿಕ್ಕರ್ ಹಾಳೆಯನ್ನು ತಂದು ಅಂಟಿಸಬೇಡಿ. ಅದು ಎರಡು ತಿಂಗಳಿಗೆ ಅಂಚು ಬಿಟ್ಟು ಬೆರಳಿಗೆ ಅಂಟುತ್ತದೆ, ಅದಕ್ಕಿಂತ ಮುಖ್ಯವಾಗಿ ಕಣ್ಣನ್ನು ಕೀಲಿಯ ಮೇಲೇ ಇಳಿಸುತ್ತದೆ. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಪಟ್ಟಿಯಿಂದ ಕನ್ನಡ ಪದ ಆರಿಸುವ ಅಭ್ಯಾಸವನ್ನೂ ಬಾಗಿಲ ಹೊರಗೆ ಬಿಟ್ಟು ಬನ್ನಿ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿರುವ, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯನ್ನೇ ಕಲಿಯಿರಿ. ಅದರ ಗುಟ್ಟೆಲ್ಲ ಇರುವುದು ಎಫ್ ಕೀಲಿಯಲ್ಲಿ. ಒತ್ತಕ್ಷರ ಬೇಕಾದಲ್ಲೆಲ್ಲ ನಡುವೆ ಎಫ್ ಹೊಡೆಯಬೇಕು. ‘ಕನ್ನಡ’ ಎಂದರೆ ಕೆ, ಎನ್, ಎಫ್, ಎನ್, ಡಬ್ಲ್ಯು: ಐದು ಹೊಡೆತ. ‘ಪತ್ರ’ ಎಂದರೆ ಪಿ, ಟಿ, ಎಫ್, ಆರ್. ಎಡಗೈ ತೋರುಬೆರಳು ಹೇಗೂ ಎಫ್ ಮೇಲೇ ಕುಳಿತಿರುತ್ತದೆ, ಒತ್ತಕ್ಷರಕ್ಕಾಗಿ ಕೈ ಎಲ್ಲಿಗೂ ಓಡಬೇಕಿಲ್ಲ. ಇದು ರೂಢಿಯಾದ ಮೇಲೆ ಕನ್ನಡ ಕಷ್ಟ ಎನ್ನುವವರನ್ನು ನಾನು ಕಂಡಿಲ್ಲ. ಇನ್ನೊಂದು: ಕಡತವನ್ನು ಯಾವಾಗಲೂ ಯುನಿಕೋಡ್‌ನಲ್ಲೇ ಉಳಿಸಿ. ಹಳೆಯ ಫಾಂಟಿನಲ್ಲಿ ರಾತ್ರಿಯಿಡೀ ಹೊಡೆದ ಪ್ರಾಜೆಕ್ಟ್ ವರದಿ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರ ಗುರುತುಗಳಾಗಿ ತೆರೆದುಕೊಂಡು, ಹುಡುಗಿಯೊಬ್ಬಳು ಕೌಂಟರಿನ ಮುಂದೆಯೇ ಅತ್ತದ್ದನ್ನು ನೋಡಿದ್ದೇನೆ.

ಈಗ ಶೀಘ್ರಲಿಪಿ. ಈ ಲೇಖನ ಬರೆಯಲು ಕೂತದ್ದೇ ಇದಕ್ಕಾಗಿ.

ಐಸಾಕ್ ಪಿಟ್‌ಮನ್ 1837ರಲ್ಲಿ ಪ್ರಕಟಿಸಿದ ಪದ್ಧತಿಯೇ ನಮ್ಮಲ್ಲಿ ಇಂಗ್ಲಿಷ್‌ಗೆ ಇಂದಿಗೂ ನಡೆಯುತ್ತಿದೆ. ಅದರಲ್ಲಿ ಕಾಗುಣಿತಕ್ಕೆ ಬೆಲೆಯಿಲ್ಲ, ಕಿವಿಗೆ ಬಿದ್ದ ಧ್ವನಿಗೆ ಗೆರೆ. ಜೋಡಿ ಧ್ವನಿಗಳಿಗೆ ಗೆರೆಯೂ ಒಂದೇ: ತೆಳುವಾದರೆ ಪ, ದಪ್ಪವಾದರೆ ಬ; ತೆಳುವಾದರೆ ಕ, ದಪ್ಪವಾದರೆ ಗ. ವೇಗದಲ್ಲಿ ಸ್ವರಚಿಹ್ನೆ ಹಾಕಲು ಪುರಸೊತ್ತಿರುವುದಿಲ್ಲವಾದ್ದರಿಂದ, ಗೆರೆ ಸಾಲಿಗಿಂತ ಮೇಲಿದೆಯೋ, ಸಾಲಿಗೆ ತಾಗಿದೆಯೋ, ಸಾಲನ್ನು ಸೀಳಿಕೊಂಡು ಹೋಗಿದೆಯೋ ಎಂಬುದರಿಂದಲೇ ಸ್ವರವನ್ನು ಊಹಿಸಬೇಕು. ಒಂದು ಓರೆಗೆರೆ, ಅದರ ಬುಡಕ್ಕೆ ಒಂದು ಅಡ್ಡಗೆರೆ ಹಾಕಿ ನೋಡಿ. ಎರಡೂ ತೆಳುವಾಗಿ ಸಾಲಿಗಿಂತ ಮೇಲಿದ್ದರೆ ‘ಪ್ಯಾಕ್’, ಸಾಲನ್ನು ಸೀಳಿದರೆ ‘ಪಿಕ್’. ಮೊದಲ ಗೆರೆ ದಪ್ಪವಾಗಿ ಸಾಲಿಗಿಂತ ಮೇಲಿದ್ದರೆ ‘ಬ್ಯಾಕ್’. ಎರಡೂ ದಪ್ಪವಾದರೆ ‘ಬ್ಯಾಗ್’, ಅದೇ ಸಾಲನ್ನು ಸೀಳಿದರೆ ‘ಬಿಗ್’. ಮೊದಲನೆಯದು ತೆಳುವಾಗಿ ಎರಡನೆಯದು ದಪ್ಪವಾಗಿ ಸಾಲು ಸೀಳಿದರೆ ‘ಪಿಗ್’. ಆಕಾರ ಒಂದೇ, ಪದ ಆರು. ಸಾಹೇಬರು ಹೇಳಿದ ‘ದೊಡ್ಡ’ ಗುತ್ತಿಗೆದಾರ ನಿಮ್ಮ ಪತ್ರದಲ್ಲಿ ಹಂದಿಯಾಗಲು ಒಂದು ಗೆರೆ ತೆಳುವಾದರೆ ಸಾಕು.

ಆದ್ದರಿಂದಲೇ ಬಾಲ್ ಪೆನ್ ಬೇಡ. ತುದಿ ಸವೆಯದ, ಕ್ಲಿಕ್ ಮಾಡುವ ಪೆನ್ಸಿಲ್ಲೂ ಬೇಡ, ಅದು ತೆಳುಗೆರೆಯನ್ನು ಮಾತ್ರ ಕೊಡುತ್ತದೆ, ಒತ್ತಿದರೆ ಕಡ್ಡಿ ಮುರಿಯುತ್ತದೆ. ಸಾಮಾನ್ಯ ಎಚ್‌ಬಿ ಮರದ ಪೆನ್ಸಿಲ್, ಚೂಪು ಮಾಡಿಟ್ಟ ಮೂರು, ಎಡಗೈ ಪಕ್ಕದಲ್ಲಿ ಸಾಲಾಗಿ ಇರಲಿ.

ಇಷ್ಟನ್ನು ಎಲ್ಲರೂ ಹೇಗೋ ಕಲಿಯುತ್ತಾರೆ. ದಾರಿ ತಪ್ಪುವುದು ಆಮೇಲೆ. ನಿಮಿಷಕ್ಕೆ 60 ಪದ ಕೈಗೆ ಬಂದ ಕೂಡಲೇ 80, ಅದು ಅರ್ಧಂಬರ್ಧ ಬಂದ ಕೂಡಲೇ 100 ಎಂದು ಹಾರುತ್ತಾರೆ. ದಿನಕ್ಕೆ ಹತ್ತು ಉಕ್ತಲೇಖನ ಬರೆದು ಪುಟ ತುಂಬಿಸುತ್ತಾರೆ, ಬರೆದದ್ದನ್ನು ಓದುವುದಿಲ್ಲ. ನನ್ನ ತರಗತಿಯಲ್ಲೊಬ್ಬಳು 100ರ ವೇಗದಲ್ಲಿ ಒಂದು ಪದವನ್ನೂ ಬಿಡದೆ ಬರೆದಳು. ‘ಓದಮ್ಮ’ ಎಂದೆ. ಎರಡನೆಯ ಸಾಲಿಗೆ ನಿಂತಳು. ಪುಟ ತಿರುಗಿಸಿ, ಓರೆ ಮಾಡಿ, ಬೆಳಕಿಗೆ ಹಿಡಿದು ನೋಡಿದಳು. ಅವಳ ಕೈ ಬರೆದದ್ದು ಅವಳಿಗೇ ತಿಳಿಯಲಿಲ್ಲ.

ಪರೀಕ್ಷೆಯ ಲೆಕ್ಕವನ್ನೇ ನೋಡಿ. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗದ ಸ್ಟೆನೊಗ್ರಾಫರ್ ‘ಡಿ’ ದರ್ಜೆಗೆ ನಿಮಿಷಕ್ಕೆ 80 ಪದದಂತೆ ಹತ್ತು ನಿಮಿಷ ಹೇಳುತ್ತಾರೆ, ಇಂಗ್ಲಿಷ್ ಆರಿಸಿಕೊಂಡವರು ಅದನ್ನು ಟೈಪ್ ಮಾಡಲು 50 ನಿಮಿಷ ಸಿಗುತ್ತದೆ. ಅಂದರೆ 800 ಪದ, ನಿಮಿಷಕ್ಕೆ ಬರೀ 16. ಮೊದಲ ವರ್ಷದ ಹುಡುಗಿಯೂ ಅಷ್ಟು ಹೊಡೆಯುತ್ತಾಳೆ. ಹಾಗಾದರೆ ಆ ಐವತ್ತು ನಿಮಿಷ ಯಾವುದಕ್ಕೆ? ಓದುವುದಕ್ಕೆ! (ಅಲ್ಲಿ ಹೇಳುವುದು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ. ಕನ್ನಡವೊಂದನ್ನೇ ನೆಚ್ಚಿಕೊಂಡವರು ಇದನ್ನು ಮೊದಲೇ ತಿಳಿದಿರಲಿ.)

ಹಾಗಾಗಿ ದಿನದ ಅಭ್ಯಾಸ ಹೀಗಿರಲಿ. ಪತ್ರಿಕೆಯ ಸಂಪಾದಕೀಯವೊಂದನ್ನು ತೆಗೆದುಕೊಂಡು ಪ್ರತಿ 20 ಪದಕ್ಕೆ ಒಂದು ಓರೆಗೆರೆ ಹಾಕಿ. 80ರ ವೇಗವೆಂದರೆ ಪ್ರತಿ ಗೆರೆಗೆ 15 ಸೆಕೆಂಡು. ಗಡಿಯಾರ ನೋಡಿಕೊಂಡು ಓದಿ ಹೇಳಲು ಅಕ್ಕನನ್ನೋ ತಮ್ಮನನ್ನೋ ಕೂರಿಸಿ. ಮೊಬೈಲಿನಲ್ಲಿ ಸಿಗುವ ಉಕ್ತಲೇಖನದ ಆಪ್‌ಗಳ ಮೇಲೆ ನನಗೆ ನಂಬಿಕೆಯಿಲ್ಲ. ಧ್ವನಿಯನ್ನು ಹಿಗ್ಗಿಸಿ ಕುಗ್ಗಿಸಿ ವೇಗ ಬದಲಿಸಿದಾಗ ಮಾತಿನ ನಡುವಿನ ಉಸಿರೂ ಕುಗ್ಗುತ್ತದೆ, ಮನುಷ್ಯರು ಹಾಗೆ ಹೇಳುವುದಿಲ್ಲ. ಐದು ನಿಮಿಷ ಬರೆದ ಮೇಲೆ ಪೆನ್ಸಿಲ್ ಕೆಳಗಿಟ್ಟು, ಗಟ್ಟಿಯಾಗಿ ಓದಿ. ತಡವರಿಸಿದ ಗೆರೆಗೆಲ್ಲ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಅದರ ಸರಿಯಾದ ರೂಪವನ್ನು ಒಂದೊಂದು ಸಾಲು ತಿದ್ದಿ. ನಂತರ ಅದೇ ಭಾಗವನ್ನು ಮತ್ತೆ ಬರೆಯಿರಿ, ಮತ್ತೊಮ್ಮೆಯೂ ಬರೆಯಿರಿ. ಹತ್ತು ಭಾಗ ಒಂದೊಂದು ಸಲ ಬರೆಯುವುದಕ್ಕಿಂತ ಒಂದನ್ನೇ ಮೂರು ಸಲ ಬರೆಯುವುದು ಲೇಸು.

ಮರುದಿನ ಬೆಳಿಗ್ಗೆ ನಿನ್ನೆಯ ಪುಟ ತೆರೆದು ಮತ್ತೆ ಓದಿ. ಬರೆದ ಕೂಡಲೇ ಓದುವಾಗ ಅರ್ಧ ಕೆಲಸವನ್ನು ನೆನಪೇ ಮಾಡಿಕೊಡುತ್ತದೆ, ರಾತ್ರಿ ಕಳೆದರೆ ಕಾಗದವೊಂದೇ ಉಳಿಯುತ್ತದೆ. ತಂಗಳು ನೋಟು ತಡೆಯಿಲ್ಲದೆ ಓದಲು ಬಂದ ದಿನ ವೇಗವನ್ನು ಐದು ಪದ ಏರಿಸಿ. ಇಪ್ಪತ್ತಲ್ಲ, ಐದು.

‘ಒಂದೇ ತಿಂಗಳಲ್ಲಿ ಶೀಘ್ರಲಿಪಿ’ ಎಂಬ ಪುಸ್ತಕಗಳನ್ನು ಕೊಳ್ಳುವ ದುಡ್ಡಿಗೆ ಒಂದು ಡಜನ್ ಪೆನ್ಸಿಲ್ ಬರುತ್ತದೆ.

ಪತ್ರ ವ್ಯವಹಾರಕ್ಕೆ ಬನ್ನಿ. ಸುತ್ತೋಲೆ, ಜ್ಞಾಪನ, ಅರೆಸರ್ಕಾರಿ ಪತ್ರ, ನಡವಳಿ ಇವುಗಳ ನಮೂನೆ ಬಾಯಿಪಾಠ ಮಾಡಬೇಡಿ, ಪ್ರತಿಯೊಂದಕ್ಕೂ ಒಂದು ನಿಜವಾದ ಮಾದರಿ ಹುಡುಕಿ ಮುಂದಿಟ್ಟುಕೊಳ್ಳಿ. ಸರ್ಕಾರಿ ಆದೇಶಗಳು ಜಾಲತಾಣಗಳಲ್ಲೇ ಸಿಗುತ್ತವೆ. ಪತ್ರದಲ್ಲಿ ‘ವಿಷಯ’ ಒಂದು ಸಾಲಿಗೆ ಮುಗಿಯಲಿ. ‘ಉಲ್ಲೇಖ’ದಲ್ಲಿ ಸಂಖ್ಯೆಯೂ ದಿನಾಂಕವೂ ಎರಡೂ ಇರಲಿ, ದಿನಾಂಕವಿಲ್ಲದ ಉಲ್ಲೇಖ ಹುಡುಕಲು ಹೊರಟ ವಿಷಯ ನಿರ್ವಾಹಕರು ನಿಮ್ಮನ್ನು ಹರಸುವುದಿಲ್ಲ. ಪ್ರಾಯೋಗಿಕ ರೆಕಾರ್ಡನ್ನು ಹಿರಿಯ ವಿದ್ಯಾರ್ಥಿಗಳಿಂದ ತಂದು ನಕಲು ಮಾಡುವ ಪದ್ಧತಿ ಎಲ್ಲ ಕಡೆಯೂ ಇದೆ. ಮಾಡುವುದೇ ಆದರೆ ಇಸವಿಯನ್ನಾದರೂ ಬದಲಿಸಿ ಎಂದು ಪ್ರತಿ ವರ್ಷ ಹೇಳುತ್ತೇನೆ, ಪ್ರತಿ ವರ್ಷವೂ ಯಾರಾದರೂ ಮರೆಯುತ್ತಾರೆ.

ಟ್ಯಾಲಿ, ಎಕ್ಸೆಲ್ ತರಗತಿ ತಪ್ಪಿಸದಿದ್ದರೆ ಬರುತ್ತವೆ.

ಕೊನೆಯದು, ಹೊರಗಿನ ಪರೀಕ್ಷೆಗಳು. ಡಿಪ್ಲೊಮಾ ಜೊತೆಗೇ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ನಡೆಸುವ ಬೆರಳಚ್ಚು ಮತ್ತು ಶೀಘ್ರಲಿಪಿಯ ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಕಟ್ಟಿ. ಅರ್ಜಿ ತುಂಬುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಹೆಸರನ್ನು ಅಕ್ಷರಕ್ಕೆ ಅಕ್ಷರ ನೋಡಿ ಬರೆಯಿರಿ. ಅಲ್ಲಿ ಇನಿಶಿಯಲ್ ಹೆಸರಿನ ಹಿಂದಿದ್ದರೆ ಇಲ್ಲಿಯೂ ಹಿಂದೆ, ಮುಂದಿದ್ದರೆ ಮುಂದೆ. ಪ್ರಮಾಣಪತ್ರ ಕೈಗೆ ಬಂದ ದಿನವೇ, ಕೌಂಟರ್ ಬಿಡುವ ಮೊದಲೇ, ಅದನ್ನು ಇನ್ನೊಮ್ಮೆ ಓದಿ ನೋಡಿ.