ಕನ್ನಿಂಗ್‌ಹ್ಯಾಮ್ ಹಗ್ಗ: ಹೆಸರಿನ ಮೂಲ, ನಾನು ಕಟ್ಟಿಕೊಂಡ ಬಗೆ

ನನ್ನ ಪುಟ್ಟ ಹಾಯಿದೋಣಿಯ ದೊಡ್ಡ ಹಾಯಿಯಲ್ಲಿ, ಹಾಯಿ ಕಟ್ಟುವ ನೆಟ್ಟಗಿನ ಕೂವೆಮರದ ಪಕ್ಕದ ಕೆಳಮೂಲೆಗಿಂತ ಒಂದು ಗೇಣು ಮೇಲೆ, ಲೋಹದ ಬಳೆ ಕೂರಿಸಿದ ತೂತೊಂದಿದೆ. ಅದರೊಳಗೆ ಹಾದು ಕೆಳಕ್ಕೆ ಎಳೆಯುವ ಹಗ್ಗವೇ ಕನ್ನಿಂಗ್‌ಹ್ಯಾಮ್. ಹಾಲ್ಯರ್ಡ್ (ಹಾಯಿ ಏರಿಸುವ ಹಗ್ಗ), ಡೌನ್‌ಹಾಲ್ (ಕೆಳಗೆಳೆಯುವ ಹಗ್ಗ) ಎಲ್ಲ ತಮ್ಮ ಕೆಲಸದ ಹೆಸರನ್ನೇ ಹೊತ್ತಿದ್ದರೆ, ಇದಕ್ಕೆ ಮಾತ್ರ ಮನುಷ್ಯನ ಹೆಸರು.

ಬ್ರಿಗ್ಸ್ ಕನ್ನಿಂಗ್‌ಹ್ಯಾಮ್ ಅಮೆರಿಕದವರು. 1958ರ ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯದಲ್ಲಿ 'ಕೊಲಂಬಿಯಾ'ದ ಚುಕ್ಕಾಣಿ ಹಿಡಿದು ಬ್ರಿಟನ್ನಿನ 'ಸೆಪ್ಟರ್' ದೋಣಿಯನ್ನು ಸೋಲಿಸಿದವರು. (ಫ್ರಾನ್ಸಿನ ಲೆ ಮಾನ್ಸ್ ಕಾರು ಪಂದ್ಯದಲ್ಲಿ ತಮ್ಮದೇ ಕಾರುಗಳನ್ನು ಓಡಿಸಿದವರೂ ಇವರೇ.) ಅವರು ಬಿಡಿಸಿದ ಗಂಟು ಇದು: ಗಾಳಿ ಜೋರಾದಾಗ ಹಾಯಿಯ ಮುಂದಂಚು (ಕೂವೆಮರದ ಪಕ್ಕದ ಅಂಚು) ಬಿಗಿಯಾಗಬೇಕು. ಅದಕ್ಕೆ ಹಾಯಿಯನ್ನು ಇನ್ನೂ ಮೇಲೇರಿಸೋಣವೆಂದರೆ, ಹಾಯಿ ದಾಟಬಾರದೆಂದು ನಿಯಮ ಕೂವೆಮರದ ಮೇಲೆ ಗುರುತಿಸಿದ ಕಪ್ಪುಪಟ್ಟಿ ಅಡ್ಡ ಬರುತ್ತದೆ. ಹಾಯಿಯನ್ನೇ ಗಿಡ್ಡ ಹೊಲಿಸಿದರೆ ಮಂದಗಾಳಿಯಲ್ಲಿ ವಿಸ್ತೀರ್ಣ ನಷ್ಟ. ತುದಿಗಳೆರಡೂ ಇದ್ದಲ್ಲೇ ಇರಲಿ, ನಡುವೆ ತೂತು ಮಾಡಿ ಕೆಳಗೆಳೆದರಾಯಿತು! ಬುಡದಲ್ಲಿ ಬಟ್ಟೆ ಮುದ್ದೆಯಾಗುತ್ತದೆ, ಆದರೆ ಅದರಿಂದ ವೇಗಕ್ಕೇನೂ ಕುಂದಿಲ್ಲ.

ನಾನು ಕಟ್ಟಿದ್ದು ಹೀಗೆ. ಹಿಗ್ಗದ ಡೈನೀಮಾ ಹಗ್ಗದ ಒಂದು ತುದಿಯನ್ನು ಬೂಮ್‌ನ (ಹಾಯಿಯ ಕೆಳಂಚಿನ ಅಡ್ಡಮರದ) ಕೀಲಿಗಿಂತ ಕೆಳಗೆ ಕೂವೆಮರಕ್ಕೆ ಬಿಗಿದು, ಇನ್ನೊಂದನ್ನು ಬಳೆಯೊಳಗಿಂದ ತೂರಿಸಿ ಕೆಳಗಿಳಿಸಿದೆ. ಅಲ್ಲಿಗೆ ಎಳೆತ ಇಮ್ಮಡಿ. ದೊಡ್ಡ ಹಾಯಿಯನ್ನು ಒಳಕ್ಕೆಳೆಯುವ ಹಗ್ಗ ಮೇನ್‌ಶೀಟ್ ಬಿಗಿಯಿರುವಾಗ ಇಷ್ಟು ಸಾಲದು. ಆ ತುದಿಗೆ ಬ್ಲಾಕ್ (ರಾಟೆ) ಕಟ್ಟಿ, ಅದರ ಮೂಲಕ ಎರಡನೇ ಹಗ್ಗ ಹಾಯಿಸಿದಾಗ ನಾಲ್ಮಡಿಯಾಯಿತು. ಅದು ಬಂದು ನಿಲ್ಲುವ ಕ್ಯಾಮ್ ಕ್ಲೀಟ್ (ಹಗ್ಗ ಕಚ್ಚಿಹಿಡಿಯುವ ಹಿಡಿಕೆ), ದೋಣಿಯಂಚಿನಲ್ಲಿ ಕೂತು ಹೊರಕ್ಕೆ ಬಾಗಿದಾಗಲೂ ಕೈಗೆ ಎಟುಕುವಂತಿರಬೇಕು. ಎದ್ದುಹೋಗಿ ಎಳೆಯಬೇಕಾದ ಹಗ್ಗವನ್ನು ಯಾರೂ ಎಳೆಯುವುದಿಲ್ಲ.

ಮಂದಗಾಳಿಯಲ್ಲಿ ಅದನ್ನು ಪೂರ್ತಿ ಸಡಿಲ ಬಿಡುತ್ತೇನೆ. ಮುಂದಂಚಿನಲ್ಲಿ ಅಡ್ಡ ಸುಕ್ಕು ಕಂಡರೂ ಮುಟ್ಟುವುದಿಲ್ಲ. ಗಾಳಿ ಏರಿದಂತೆ ಹಾಯಿಯ ಹೊಟ್ಟೆ (ಅತಿ ಉಬ್ಬಿದ ಭಾಗ) ಹಿಂದಕ್ಕೆ ಸರಿಯುತ್ತದೆ, ದೋಣಿ ವಾಲುತ್ತದೆ, ಚುಕ್ಕಾಣಿ ಹಟಮಾರಿ ಎತ್ತಿನಂತೆ ಜಗ್ಗುತ್ತದೆ. ಆಗ ಸುಕ್ಕು ಅಳಿಯುವವರೆಗೆ ಎಳೆಯುತ್ತೇನೆ. ಹೊಟ್ಟೆ ಮುಂದಕ್ಕೆ ಬರುತ್ತದೆ, ಮೇಲಿನ ಹಿಂದಂಚು ತೆರೆದು ಹೆಚ್ಚುವರಿ ಗಾಳಿ ಸೋರಿಹೋಗುತ್ತದೆ, ಚುಕ್ಕಾಣಿ ಹಗುರಾಗುತ್ತದೆ. ಕೂವೆಮರದ ಹಿಂದೆಯೇ ನೆಟ್ಟಗೆ ಒಂದು ಮಡಿಕೆ ಎದ್ದರೆ ಎಳೆತ ಅತಿಯಾಗಿದೆ ಎಂದರ್ಥ. ಬಿರುಗಾಳಿಯಲ್ಲಾದರೆ ಅದೂ ಇರಲಿ ಎನ್ನುತ್ತೇನೆ. ಗಾಳಿಯನ್ನು ಬೆನ್ನಿಗೆ ಹಾಕಿಕೊಂಡ ತಕ್ಷಣ ಮೊದಲು ಸಡಿಲಿಸುವುದು ಇದನ್ನೇ.

ಇದೆಲ್ಲ ಡಾಕ್ರಾನ್ (ನೇಯ್ದ ಪಾಲಿಯೆಸ್ಟರ್ ಬಟ್ಟೆ) ಹಾಯಿಯ ಮಾತು. ಪದರಗಳನ್ನು ಅಂಟಿಸಿ ಮಾಡಿದ ಲ್ಯಾಮಿನೇಟ್ ಹಾಯಿ ಅಷ್ಟು ಹಿಗ್ಗುವುದಿಲ್ಲ, ಅಲ್ಲಿ ಈ ಹಗ್ಗದ ಆಟ ಕಡಿಮೆ.